ಜಗಳ ಉಂಗುರದ್ದಲ್ಲ, ವೈಟ್‌ಫೀಲ್ಡ್ ಟ್ರಾಫಿಕ್ಕಿನದು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಜಾಗದಲ್ಲಿ ಒಬ್ಬ ತಂದೆ ಬರೆದಿದ್ದು ಓದ್ದೆ. ಅವರ ಮಗ ಇಂಜಿನಿಯರಿಂಗ್ ಓದ್ತಿದಾನಂತೆ, ವೀಕೆಂಡ್ ಬಂತು ಅಂದ್ರೆ ಫ್ರೆಂಡ್ಸ್ ಜೊತೆ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ದಾಳದ ಆಟ ಆಡ್ತಾನಂತೆ, ಆ ಆಟದಲ್ಲೇ ಜಗಳ ಆಗಿ ಹೈಸ್ಕೂಲಿಂದ ಜೊತೆಗಿದ್ದ ಗೆಳೆಯನ ಹತ್ರ ಮಾತು ಬಿಟ್ಟಿದಾನಂತೆ. ದಾಳ ಹಿಡಿದವರು ಉದ್ಧಾರ ಆಗಿದ್ದು ಮಹಾಭಾರತದ ಕಾಲದಿಂದಲೂ ಇಲ್ಲ, ಕಾಲೇಜಿನೋರು ಇದನ್ನ ನಿಲ್ಲಿಸ್ಬೇಕು ಅಂತ ಪತ್ರ ಮುಗಿಸಿದ್ರು. ಹಿರಿಯರು, ಅವರ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೆ ನಾನೂ ಅದೇ ಆಟ ಆಡಿಸೋನು, ಅಂಥದ್ದೇ ಜಗಳ ನನ್ನ ಮನೆ ಹಾಲ್‌ನಲ್ಲೇ ಆಗಿದೆ, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು ನಂದೇ ಇತ್ತು, ಹಾಗಾಗಿ ನಾಲ್ಕು ಮಾತು ಬರೀತಿದೀನಿ. ಉದ್ದ ಆದ್ರೆ ಕತ್ತರಿ ಹಾಕ್ಕೊಳಿ.

ಗೊತ್ತಿಲ್ಲದವರಿಗೆ ಮೊದಲು ಆಟ ಏನು ಅಂತ ಹೇಳ್ಬಿಡ್ತೀನಿ. ಐದಾರು ಜನ ಮೇಜಿನ ಸುತ್ತ ಕೂರೋದು. ಒಬ್ಬ ಕಥೆ ನಡೆಸೋನು, ಅವನಿಗೆ ಡಿಎಂ ಅಂತಾರೆ. ಮಿಕ್ಕವರು ಒಂದೊಂದು ಪಾತ್ರ ತಗೋತಾರೆ, ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಹೀಗೆ. ಡಿಎಂ "ಗುಹೆ ಬಾಗಿಲಲ್ಲಿ ಇಬ್ಬರು ಕಾವಲಿದಾರೆ, ಏನ್ ಮಾಡ್ತೀರಿ" ಅಂತಾನೆ, ಇವರು ಹೇಳ್ತಾರೆ, ಆಗುತ್ತೋ ಇಲ್ವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ. ದುಡ್ಡಿನ ಮಾತೇ ಇಲ್ಲ, ಗೆಲ್ಲೋದು ಸೋಲೋದೂ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗ್ಯಾರಿ ಗೈಗ್ಯಾಕ್ಸ್, ಪಕ್ಕದ ಮಿನೆಸೋಟದಲ್ಲಿ ಡೇವ್ ಆರ್ನೆಸನ್, ಇವರಿಬ್ಬರು ಸೇರಿ ಮಾಡಿದ್ದು, 1974ರಲ್ಲಿ ಒಂದು ಪುಟ್ಟ ಡಬ್ಬಿಯಲ್ಲಿ ಮೂರು ಪುಸ್ತಕ ಇಟ್ಟು ಮಾರಿದ್ರು. ಮಜಾ ಏನು ಗೊತ್ತಾ, ಆಟ ಮಾಡಿದ ಈ ಇಬ್ರೇ ಜಗಳ ಆಡ್ಕೊಂಡ್ರು! ರಾಯಲ್ಟಿ ವಿಷಯಕ್ಕೆ 1979ರಲ್ಲಿ ಆರ್ನೆಸನ್ ಕೋರ್ಟಿಗೆ ಹೋದ, 1981ರಲ್ಲಿ ರಾಜಿ ಆಯ್ತು. ಅಂದ್ರೆ ಈ ಮೇಜಿನ ಸುತ್ತ ಜಗಳ ಆಗೋದು ಮೂಲದಿಂದಲೇ ಬಂದಿದೆ ಅನ್ನಿ.

ಹೆದರಿಕೆನೂ ಹೊಸದೇನಲ್ಲ. 1980ರ ದಶಕದಲ್ಲಿ ಅಲ್ಲೇ ಮಗನನ್ನ ಕಳ್ಕೊಂಡ ಒಬ್ಬ ತಾಯಿ ಇದೇ ಆಟ ಕಾರಣ ಅಂತ ಕೇಸು ಹಾಕಿದ್ರು, ಇದರ ವಿರುದ್ಧ ಸಂಘಾನೂ ಕಟ್ಟಿದ್ರು, ದೆವ್ವದ ಪೂಜೆ ಅಂತೆಲ್ಲ ಟೀವಿಯಲ್ಲಿ ಬಂತು. ಕೇಸು ನಿಲ್ಲಲಿಲ್ಲ. ಆ ತಾಯಿ ದುಃಖದ ಬಗ್ಗೆ ಹಗುರವಾಗಿ ಮಾತಾಡೋಕೆ ನಂಗೆ ಬಾಯಿ ಬರಲ್ಲ, ಹಾಗಾಗಿ ಅದು ಅಲ್ಲಿಗೇ ಇರ್ಲಿ.

ಈಗ ನಮ್ಮ ಕಥೆ. 2022ರ ಮೇ ತಿಂಗಳಲ್ಲಿ ಶುರು ಮಾಡಿದ್ವಿ, ಬಸವನಗುಡಿಯ ನನ್ನ ಬಾಡಿಗೆ ಮನೆ ಹಾಲ್, ಎರಡು ವಾರಕ್ಕೊಂದು ಶನಿವಾರ, ಸಂಜೆ ನಾಲ್ಕರಿಂದ ಒಂಬತ್ತು. ಐದು ಜನ ಆಟಗಾರರು ಜೊತೆಗೆ ನಾನು. ಹೆಸರು ಬೇಡ, ಪಾತ್ರದ ಹೆಸರಲ್ಲೇ ಹೇಳ್ತೀನಿ. ಒಬ್ಬ ಪಲಾದಿನ್, ಅಂದ್ರೆ ಧರ್ಮ ಕಾಯ್ತೀನಿ ಅಂತ ಪ್ರತಿಜ್ಞೆ ಮಾಡಿರೋ ಯೋಧ. ಒಬ್ಬ ರೋಗ್, ರೋಗ ಅಲ್ಲ, ಕಳ್ಳ. (ನಮ್ಮಮ್ಮನಿಗೆ ಇವತ್ತಿಗೂ ಆ ಹುಡುಗನಿಗೆ ಏನೋ ಕಾಯಿಲೆ ಇದೆ ಅಂತಾನೇ ನಂಬಿಕೆ.) ಒಬ್ಬಳು ಕ್ಲೆರಿಕ್, ಗಾಯ ವಾಸಿ ಮಾಡೋ ಪೂಜಾರಿ ಪಾತ್ರ, ಮಾತು ಕಮ್ಮಿ. ಇನ್ನಿಬ್ಬರು ಗಂಡ ಹೆಂಡತಿ, ಅವರು ಬರ್ತಿದ್ದಿದ್ದೇ ನಮ್ಮ ಬೀದಿ ಕೊನೆಯ ಅಂಗಡಿ ಬೋಂಡಾಗೆ ಅಂತ ನನ್ನ ಅನುಮಾನ.

ಹದಿನಾಲ್ಕು ತಿಂಗಳು ಚೆನ್ನಾಗೇ ನಡೀತು. ಆಮೇಲೆ ನಮ್ಮ ಕಳ್ಳ ನಮ್ಮವರಿಂದಲೇ ಕದಿಯೋಕೆ ಶುರು ಮಾಡ್ದ. ಮೊದಲನೇ ಸಲ ಎಲ್ಲರೂ ನಿದ್ದೆ ಮಾಡ್ತಿರುವಾಗ ಎರಡು ಔಷಧಿ ಬಾಟ್ಲಿ, ದಾಳದಲ್ಲಿ ಹತ್ತೊಂಬತ್ತು ಬಿತ್ತು, ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೇ ಸಲ ದುಡ್ಡು, ಕಮ್ಮಿ ಜನ ನಕ್ಕರು. ಮೂರನೇ ಸಲ ಪಲಾದಿನ್ನಿನ ಉಂಗುರ. ಯಾರೂ ನಗಲಿಲ್ಲ. ಪಲಾದಿನ್ ಆಡ್ತಿದ್ದವನು "ಯಾಕೋ ಹೀಗೆ ಮಾಡ್ತೀಯ" ಅಂದ. ಇವನು "ನನ್ ಕ್ಯಾರೆಕ್ಟರ್ ಇರೋದೇ ಹಾಗೆ, ಕಳ್ಳ ಕದೀದೆ ಇನ್ನೇನ್ ಮಾಡ್ತಾನೆ" ಅಂದ.

ಈ ಒಂದು ವಾಕ್ಯ ಇದೆಯಲ್ಲ, ಆಟ ಆಡೋ ಯಾರನ್ನ ಬೇಕಾದ್ರೂ ಕೇಳಿ, ಅರ್ಧ ಗುಂಪುಗಳು ಒಡೆದಿರೋದು ಇದೇ ಮಾತಿಂದ. ಪಾತ್ರ ಹಾಗೆ ಇರೋದಲ್ಲ ಸ್ವಾಮಿ, ಹಾಗೆ ಇರ್ಲಿ ಅಂತ ನೀನು ಮಾಡ್ಕೊಂಡಿರೋದು, ಪೆನ್ಸಿಲ್ ನಿನ್ ಕೈಲೇ ಇದೆ. ಆದ್ರೆ ಅವತ್ತು ನಂಗೆ ಅದು ಹೊಳೀಲಿಲ್ಲ. ಪಲಾದಿನ್ ಮುಖ ಕೆಂಪಾಗಿ "ಹಾಗಾದ್ರೆ ನನ್ ಕ್ಯಾರೆಕ್ಟರೂ ಇರೋದು ಹೀಗೇ, ಕತ್ತಿ ತೆಗೀತೀನಿ" ಅಂದ. ನಾನೇನ್ ಮಾಡ್ಬೇಕಿತ್ತು? ದಾಳ ಕೆಳಗಿಡ್ರಪ್ಪ, ಕಾಫಿ ಕುಡಿಯಣ ಅನ್ಬೇಕಿತ್ತು. ನಾನಂದಿದ್ದು "ಸರಿ, ಇನಿಶಿಯೇಟಿವ್ ಹಾಕಿ", ಅಂದ್ರೆ ಯಾರು ಮೊದಲು ಹೊಡೀತೀರೋ ದಾಳ ಉರುಳಿಸಿ ಅಂತ. ರೂಲ್ಸ್ ಇದೆ, ರೂಲ್ಸ್ ಪ್ರಕಾರ ಹೊಡೆದಾಡಿಕೊಳ್ಳಲಿ, ನಾನು ನ್ಯೂಟ್ರಲ್, ಇದು ನನ್ನ ಧೋರಣೆ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಕಳ್ಳನಿಗೆ ಪಲಾದಿನ್ ಎದುರು ನಿಂತು ಹೊಡೆದಾಡೋ ಶಕ್ತಿ ಇರಲ್ಲ. ಮೂರನೇ ಸುತ್ತಿಗೇ ಬಿದ್ದ. ಬಿದ್ದವನು ತಕ್ಷಣ ಸಾಯಲ್ಲ ಈ ಆಟದಲ್ಲಿ, ಬದುಕೋಕೆ ಚಾನ್ಸ್ ಇರುತ್ತೆ, ಆದ್ರೆ ಬಿದ್ದವನ ಮೇಲೆ ಹತ್ರದಿಂದ ಇನ್ನೆರಡು ಏಟು ಬಿದ್ರೆ ಮುಗೀತು. ಪಲಾದಿನ್ ಎರಡೂ ಹೊಡೆದ. ಧರ್ಮ ಕಾಯೋನು! ಹದಿನಾಲ್ಕು ತಿಂಗಳು ಆಡಿದ ಪಾತ್ರ ಹೋಯ್ತು, ಇವನು ಬ್ಯಾಗ್ ಜಿಪ್ ಹಾಕಿ ಎದ್ದು ಹೋದ, ಕಾಫಿ ಲೋಟ ಅರ್ಧಕ್ಕೇ ಬಿಟ್ಟು. ಆಮೇಲೆ ರಾತ್ರಿ ವಾಟ್ಸಾಪ್ ಗ್ರೂಪಲ್ಲಿ ಶುರು ಆಯ್ತು ನೋಡಿ. ನಾನು ಅಲ್ಲಿ ಎರಡನೇ ತಪ್ಪು ಮಾಡ್ದೆ, ಯಾರದು ಎಷ್ಟು ತಪ್ಪು ಅಂತ ಒಂದು ಉದ್ದನೆ ತೀರ್ಪು ಟೈಪ್ ಮಾಡಿ ಎಲ್ಲರಿಗೂ ಕಾಣೋ ಹಾಗೆ ಹಾಕ್ದೆ. ಎಲ್ಲರೆದುರು ತಪ್ಪು ಒಪ್ಕೊಳ್ಳೋ ಮನುಷ್ಯ ಎಲ್ಲಿದಾನೆ? ಬೆಳಿಗ್ಗೆ ನೋಡಿದ್ರೆ ಒಬ್ಬ ಲೆಫ್ಟ್, ಒಬ್ಬ ಮ್ಯೂಟ್.

ನಾನು ಪುತ್ತೂರು ಕಡೆಯವನು. ಮೇ ಕೊನೆಗೆ ಬರೋ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ಅಲ್ಲಲ್ಲಿ ತಾಳಮದ್ದಳೆ ನಡೀತಿತ್ತು, ಅಜ್ಜ ಕರ್ಕೊಂಡು ಹೋಗ್ತಿದ್ರು. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಾಲು ಹಾಕ್ಕೊಂಡು ಕೂತ್ಕೊಂಡೇ ಒಬ್ಬರು ವಾಲಿ ಒಬ್ಬರು ರಾಮ. ಬರೆದಿಟ್ಟ ಮಾತಿಲ್ಲ, ಎಲ್ಲ ಅಲ್ಲೇ ಹುಟ್ಟೋದು. ಯೋಚನೆ ಮಾಡಿದ್ರೆ ನಾವು ಬಸವನಗುಡಿಯಲ್ಲಿ ಆಡ್ತಿದ್ದಿದ್ದೂ ಅದೇ ಅಲ್ವಾ, ಮದ್ದಳೆ ಬದಲು ದಾಳ ಅಷ್ಟೇ. ವಾಲಿವಧೆ ಪ್ರಸಂಗದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದ್ಯಾವ ಧರ್ಮ ಅಂತ ವಾಲಿ ಕೇಳೋವಾಗ ಕೆಲವು ಸಲ ರಾಮನ ಅರ್ಥಧಾರಿಗೆ ಉತ್ತರ ಸಿಗದೆ ತಡವರಿಸೋದು, ಸಭೆ ನಗೋದು, ಆಗ ಮಾತು ನಿಧಾನಕ್ಕೆ ವಾಲಿ ರಾಮರನ್ನ ಬಿಟ್ಟು ಆ ಇಬ್ಬರು ಮನುಷ್ಯರ ಕಡೆ ಜಾರೋದು. ನಿನ್ನ ಓದು ಎಷ್ಟು, ನಿನ್ನ ಊರು ಯಾವುದು ಅನ್ನೋ ಧಾಟಿ ಬರೋದು. ಹುಡುಗರಾದ ನಮಗೆ ಅದೇ ಮಜಾ. ಆದ್ರೆ ಹಾಡಿ ಪ್ರಸಂಗ ನಡೆಸೋ ಭಾಗವತರು ಒಳ್ಳೆಯವರಾದ್ರೆ ಅದನ್ನ ಬೆಳೆಯೋಕೆ ಬಿಡ್ತಿರ್ಲಿಲ್ಲ. ಯಾರಿಗೂ ಬೈಯಲ್ಲ, ಯಾರು ಸರಿ ಅಂತ ಹೇಳಲ್ಲ, ಮುಂದಿನ ಪದ, ಅಂದ್ರೆ ಹಾಡು, ಎತ್ತಿಬಿಡ್ತಿದ್ರು. ಪದ ಬಂತು ಅಂದ್ರೆ ಮಾತು ನಿಲ್ಲಲೇಬೇಕು. ಅಜ್ಜ ಪಿಸುಮಾತಲ್ಲಿ "ಬಚಾವ್" ಅನ್ನೋರು.

ನಾನು ಅವತ್ತು ಪದ ಎತ್ತಲಿಲ್ಲ. ಮದ್ದಳೆಯೋನಿಗೆ ಇನ್ನೂ ಜೋರಾಗಿ ಬಾರ್ಸು ಅಂದೆ.

ಪತ್ರ ಬರೆದ ಹಿರಿಯರು ಮಹಾಭಾರತ ಎತ್ತಿದಾರೆ, ಅದಕ್ಕೂ ಒಂದು ಮಾತು. ಆ ಸಭೆಯಲ್ಲಿ ದಾಳದ ತಪ್ಪು ಎಷ್ಟಿತ್ತೋ ಗೊತ್ತಿಲ್ಲ, ಸುತ್ತ ಕೂತಿದ್ದವರದ್ದಂತೂ ಇತ್ತು. ಭೀಷ್ಮ ಇದ್ದ, ದ್ರೋಣ ಇದ್ದ, ನಿಲ್ಲಿಸಬಹುದಾದ ದೊರೆ ಅಲ್ಲೇ ಕೂತು ಗೆದ್ನಾ ಗೆದ್ನಾ ಅಂತ ಕೇಳ್ತಿದ್ದ. ವಿದುರ ಒಬ್ಬ ಬೇಡ ಅಂದ, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ.

ನಮ್ಮಲ್ಲೂ ಒಬ್ಬಳು ಹೇಳಿದ್ಲಂತೆ. ಇದು ನಂಗೆ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ, ಆ ಗಂಡ ಹೆಂಡತಿ ಹೇಳಿದ್ದು. ಕಳ್ಳ ಸತ್ತಾಗ ಕ್ಲೆರಿಕ್ ಆಡ್ತಿದ್ದ ಹುಡುಗಿ "ನನ್ ಹತ್ರ ರಿವಿವಿಫೈ ಇದೆ, ಹಾಕ್ಲಾ?" ಅಂತ ಎರಡು ಸಲ ಕೇಳಿದ್ಲಂತೆ. ಸತ್ತು ಒಂದು ನಿಮಿಷದೊಳಗೆ ಹಾಕಿದ್ರೆ ಎದ್ದು ಕೂರಿಸೋ ಮಂತ್ರ ಅದು. ಕಿರುಚಾಟದಲ್ಲಿ ನಂಗೆ ಕೇಳ್ಲೇ ಇಲ್ಲ. ಆಮೇಲೆ ಅವಳು ಬರೋದೇ ನಿಲ್ಲಿಸಿದ್ಲು, ಕೇಳಿದ್ರೆ "ಕೆಲಸ ಜಾಸ್ತಿ" ಅಂತ ಒಂದು ಮೆಸೇಜು. ಎರಡು ವಾರ ನಾವು ಇಬ್ಬರು ಗಂಡಸರ ರಾಜಿ ಪಂಚಾಯ್ತಿಯಲ್ಲೇ ಇದ್ವಿ, ಅವಳಿಲ್ಲ ಅನ್ನೋದನ್ನ ಯಾರೂ ಗಮನಿಸಲೇ ಇಲ್ಲ ಅಂದ್ರೆ ನಂಬ್ತೀರಾ? ಅವಳು ವಾಪಸ್ ಬರಲಿಲ್ಲ. ಜಗಳ ಆಡಿದವರಾದ್ರೂ ಒಂದಾದ್ರು, ಜಗಳ ನೋಡಿ ಸುಸ್ತಾದವಳು ಹೋಗ್ಬಿಟ್ಲು. ಈ ಲೆಕ್ಕ ಯಾರೂ ಇಡಲ್ಲ.

ಸರಿ, ರಾಜಿ ಹೇಗಾಯ್ತು ಅಂತ ಹೇಳ್ತೀನಿ, ಪತ್ರ ಬರೆದಿರೋದೇ ಅದಕ್ಕೆ. ಗ್ರೂಪಲ್ಲಿ ಬರೆಯೋದು ಬಿಟ್ಟು ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡ್ದೆ. ಆಟದ ಬಗ್ಗೆ ಮಾತೇ ಎತ್ತಲಿಲ್ಲ, ಹೇಗಿದೀಯ ಅಂದೆ, ಸುಮ್ನಿದ್ದೆ. ಪಲಾದಿನ್ ಹತ್ತು ನಿಮಿಷ ಉಂಗುರದ ಬಗ್ಗೆ ಹೇಳಿ ಆಮೇಲೆ ತಡೀಲಾರದೆ ಅಂದ: "ಅವನು ಒಂದಿನನೂ ಟೈಮಿಗೆ ಬರಲ್ಲ ಮಾರಾಯ, ನಾಲ್ಕಕ್ಕೆ ಅಂದ್ರೆ ಐದೂಕಾಲು, ನಂಗೆ ಒಂಬತ್ತಕ್ಕೆ ಹೊರಡ್ಬೇಕು, ಮಗು ನಾನಿಲ್ದೆ ಮಲಗಲ್ಲ, ಒಂದೂಕಾಲು ಗಂಟೆ ನಾನು ಅವನಿಗೆ ಕಾಯ್ತಾ ಬೋಂಡಾ ತಿನ್ಕೊಂಡು ಕೂತಿರ್ತೀನಿ." ಹದಿನಾಲ್ಕು ತಿಂಗಳು ಇದನ್ನ ಅವನ ಮುಖಕ್ಕೆ ಯಾರೂ ಹೇಳಿರಲಿಲ್ಲ. ಫ್ರೆಂಡು, ಬೇಜಾರಾಗ್ತಾನೆ, ಯಾಕೆ ಅಂತ.

ಕಳ್ಳನಿಗೆ ಫೋನ್ ಮಾಡಿದ್ರೆ ಅವನ ಕಡೆ ಇನ್ನೊಂದು ಕಥೆ. ಅವನಿದ್ದಿದ್ದು ವೈಟ್‌ಫೀಲ್ಡ್. ಶನಿವಾರ ಮಧ್ಯಾಹ್ನ ಅಲ್ಲಿಂದ ಬಸವನಗುಡಿಗೆ ಬರೋದು ಅಂದ್ರೇನು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳ್ಬೇಕಾ? ಅವನು ಬರೋಷ್ಟರಲ್ಲಿ ಎಲ್ಲಿಗೆ ಹೋಗೋದು, ಯಾರ ಹತ್ರ ಮಾತಾಡೋದು, ಎಲ್ಲ ಪ್ಲಾನೂ ಮುಗಿದಿರ್ತಿತ್ತು. "ನಾನು ಬಂದು ಕೂತ್ರೆ ನಂಗೆ ಮಾಡೋಕೆ ಏನೂ ಉಳಿದಿರ್ತಿರ್ಲಿಲ್ಲ, ಬರೀ ನಿಮ್ಮ ಹಿಂದೆ ನಡೆಯೋದು. ಕದ್ರೆ ಅಟ್‌ಲೀಸ್ಟ್ ಐದು ನಿಮಿಷ ಎಲ್ಲರೂ ನನ್ ಕಡೆ ನೋಡ್ತಿದ್ರಿ" ಅಂದ. ನಂಗೆ ಫೋನಲ್ಲಿ ಮಾತೇ ಹೊರಡಲಿಲ್ಲ. ಬೀಗ ಇಲ್ಲ, ಬಲೆ ಇಲ್ಲ, ಗೋಡೆ ಹತ್ತೋದಿಲ್ಲ, ಮೂರ್ನಾಲ್ಕು ಸಿಟ್ಟಿಂಗಿಂದ ಕಳ್ಳನಿಗೆ ಅಂತ ನಾನು ಕಥೆಯಲ್ಲಿ ಒಂದೂ ಕೆಲಸ ಇಟ್ಟಿರಲಿಲ್ಲ. ಒಬ್ಬ ತಡವಾಗಿ ಬರ್ತಾನೆ ಅಂತ ಇನ್ನೊಬ್ಬನಿಗೆ ಸಿಟ್ಟು, ತಡವಾಗಿ ಬಂದವನಿಗೆ ಜಾಗ ಇಲ್ಲ ಅಂತ ಬೇಜಾರು, ಎರಡೂ ಸೇರಿ ಒಂದು ಬಡಪಾಯಿ ಉಂಗುರದ ಮೇಲೆ ಬಿತ್ತು. ಕತ್ತಿ ಬೀಸಿದ್ದು ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ಕಿಗೆ ಅನ್ಕೊಳಿ.

ಇಲ್ಲೇ ನಾನು ಹೇಳ್ಬೇಕಾಗಿರೋ ವಿಷಯ ಇರೋದು. ಆಟಗಾರರ ನಡುವಿನ ಸಿಟ್ಟನ್ನ ಪಾತ್ರಗಳ ಕೈಲಿ ತೀರಿಸೋಕೆ ಹೋಗ್ಬಾರ್ದು. ಬಹಳ ಡಿಎಂಗಳು ಮಾಡೋದೇ ಅದು, ಯಾರೋ ತೊಂದ್ರೆ ಕೊಟ್ರೆ ಅವನ ಪಾತ್ರದ ಮೇಲೆ ಒಂದು ದೊಡ್ಡ ರಾಕ್ಷಸನ್ನ ಛೂ ಬಿಡೋದು, ಊರ ಕಾವಲುಗಾರರ ಕೈಲಿ ಹಿಡಿಸಿ ಜೈಲಿಗೆ ಹಾಕಿಸೋದು, ಬುದ್ಧಿ ಕಲೀತಾನೆ ಅಂತ. ಕಲಿಯಲ್ಲ. ಅವನು ಅದನ್ನ ಆಟ ಅಂತಾನೇ ತಗೊಂಡು ಇನ್ನೂ ಜೋರಾಗಿ ಆಡ್ತಾನೆ, ಇಲ್ಲಾ ಅವಮಾನ ಅಂತ ತಗೊಂಡು ಎದ್ದು ಹೋಗ್ತಾನೆ. ಮನುಷ್ಯನ ಹತ್ರ ಹೇಳ್ಬೇಕಾದ್ದನ್ನ ಮನುಷ್ಯನಿಗೇ ಹೇಳ್ಬೇಕು, ಒಬ್ಬನೇ ಇದ್ದಾಗ, ದಾಳ ಡಬ್ಬಿಯೊಳಗೆ ಇದ್ದಾಗ.

ಹಾಗಂತ ಪಾತ್ರಗಳು ಹೊಡೆದಾಡಲೇಬಾರ್ದು ಅಂತಲ್ಲ. 1984ರಲ್ಲಿ ಪ್ಯಾರನೋಯಾ ಅಂತ ಇನ್ನೊಂದು ಆಟ ಬಂತು, ಅದ್ರಲ್ಲಿ ಒಬ್ಬರಿಗೊಬ್ಬರು ಮೋಸ ಮಾಡೋದೇ ಆಟ, ಒಬ್ಬೊಬ್ಬರಿಗೂ ಆರಾರು ಕ್ಲೋನ್ ಕೊಟ್ಟಿರ್ತಾರೆ, ಒಬ್ಬ ಸತ್ರೆ ಇನ್ನೊಬ್ಬ ಬಂದು ನಿಲ್ತಾನೆ, ಎಲ್ಲರೂ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಾರೆ. ಯಾಕೆ ಅಲ್ಲಿ ಯಾರಿಗೂ ಬೇಜಾರಾಗಲ್ಲ? ಕೂರೋ ಮುಂಚೆನೇ ಎಲ್ಲರಿಗೂ ಗೊತ್ತು, ಎಲ್ಲರೂ ಒಪ್ಪಿರ್ತಾರೆ. ನಮ್ಮ ಗುಂಪಲ್ಲಿ ಒಬ್ಬ ಮೋಸದ ಆಟ ಆಡ್ತಿದ್ದ, ಮಿಕ್ಕವರು ಬೇರೆ ಆಟ ಆಡ್ತಿದ್ರು, ಒಂದೇ ಮೇಜಿನ ಮೇಲೆ.

ಅದಕ್ಕೇ ಈಗ ಎಲ್ಲ ಕಡೆ ಸೆಷನ್ ಜೀರೋ ಅಂತ ಮಾಡ್ತಾರೆ, ಕಥೆ ಶುರು ಆಗೋ ಮುಂಚೆ ಒಂದು ದಿನ ಸುಮ್ನೆ ಕೂತು ಮಾತಾಡೋದು, ಎಷ್ಟು ಗಂಟೆಗೆ, ಲೇಟಾದ್ರೆ ಏನು, ಒಬ್ಬರ ಮೇಲೊಬ್ಬರು ಕೈ ಮಾಡಬಹುದಾ, ಯಾವ ವಿಷಯ ಕಥೆಯಲ್ಲಿ ಬರಲೇಬಾರ್ದು. ನಾನು ಇದನ್ನ ಸಾಫ್ಟ್‌ವೇರ್ ಕಂಪನಿ ಮೀಟಿಂಗ್ ಥರ ಇದೆ ಅಂತ ಆಡ್ಕೊಂಡು ನಗ್ತಿದ್ದೆ, ಮಾಡಿರ್ಲಿಲ್ಲ. ಎಕ್ಸ್ ಕಾರ್ಡ್ ಅಂತಾನೂ ಇದೆ, ಜಾನ್ ಸ್ಟಾವ್ರೋಪೌಲೋಸ್ ಅನ್ನೋರು ಮಾಡಿದ್ದು. ಒಂದು ಚೀಟಿ ಮೇಲೆ ಇಂಟು ಮಾರ್ಕ್ ಹಾಕಿ ಮೇಜಿನ ಮಧ್ಯ ಇಡೋದು, ಕಥೆಯಲ್ಲಿ ಯಾರಿಗೇ ಏನೇ ಕಸಿವಿಸಿ ಆದ್ರೂ ಅದನ್ನ ಮುಟ್ಟಬಹುದು, ಮುಟ್ಟಿದ್ರೆ ಆ ಭಾಗ ಅಲ್ಲಿಗೇ ಬಿಟ್ಟು ಮುಂದೆ ಹೋಗ್ಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ. ಜಗಳ ಬಿಡಿಸೋಕೆ ಅಂತ ಮಾಡಿದ್ದಲ್ಲ ಅದು, ಆದ್ರೂ ಆ ಹುಡುಗಿ ಕೈಗೆ ಅವತ್ತು ಅಂಥದ್ದೊಂದು ಚೀಟಿ ಎಟುಕಿದ್ರೆ ಗಂಟಲು ಹರ್ಕೊಳ್ಳೋ ಕೆಲಸ ಇರ್ತಿರ್ಲಿಲ್ಲ ಅಂತ ನಂಗೆ ಆಗಾಗ ಅನ್ಸುತ್ತೆ. ಆಮೇಲೆ ನಮ್ಮ ಮೇಜಿಗೆ ಬಂದ ಇನ್ನೊಂದು ರೂಲ್ ಹೇಳ್ತೀನಿ, ನಾವು ಕಂಡುಹಿಡಿದಿದ್ದಲ್ಲ, ಬಹಳ ಗುಂಪುಗಳಲ್ಲಿ ಇದೆ. ಜೊತೆಯವನ ಮೇಲೆ ಕೈ ಮಾಡಿದ್ರೆ ಅಥವಾ ಕದ್ರೆ ದಾಳ ಹಾಕೋ ಹಾಗಿಲ್ಲ, ಯಾರ ಮೇಲೆ ಮಾಡ್ತಿದೀಯೋ ಅವನೇ ಹೇಳ್ತಾನೆ ಏನಾಯ್ತು ಅಂತ. ಉಂಗುರ ಕದ್ದೆ ಅಂದ್ಯಾ? ಸರಿ, ಸಿಕ್ತಾ ಇಲ್ವಾ, ಎಚ್ಚರ ಆಯ್ತಾ ಇಲ್ವಾ, ಉಂಗುರದವನು ಹೇಳ್ಲಿ. ಈ ರೂಲ್ ಬಂದ್ಮೇಲೆ ನಮ್ಮಲ್ಲಿ ಆಗಿರೋ ಕಳ್ಳತನ ಒಂದೇ ಒಂದು, ಅದೂ ಕಳ್ಕೊಂಡವನೇ "ಸಿಕ್ತು, ನಂಗೆ ಗೊತ್ತೇ ಆಗ್ಲಿಲ್ಲ" ಅಂತ ನಗ್ತಾ ಒಪ್ಪಿದ್ದು.

ಮತ್ತೆ, ಎಲ್ಲ ಜಗಳಾನೂ ರಾಜಿ ಮಾಡಿಸಲೇಬೇಕು ಅಂತೇನಿಲ್ಲ, ಇದನ್ನ ಗಟ್ಟಿಯಾಗಿ ಹೇಳ್ತೀನಿ. ಕೆಲವರು ಒಟ್ಟಿಗೆ ಊಟ ಮಾಡಬಹುದು, ಟ್ರಿಪ್ ಹೋಗಬಹುದು, ಒಂದೇ ಮೇಜಲ್ಲಿ ಆಡೋಕೆ ಆಗಲ್ಲ. ಬೇಕು ಬೇಕು ಅಂತ ಹೆಂಗಸರ ಪಾತ್ರಕ್ಕೆ ಅಸಹ್ಯ ಮಾತಾಡೋನು, ಹೊಸಬರನ್ನ ಅಳಿಸಿ ಖುಷಿ ಪಡೋನು ಇರ್ತಾನೆ ನೋಡಿ, ಅವನಿಗೆ ಫೋನ್ ಮಾಡಿ ಹೇಗಿದೀಯ ಅಂತ ಕೇಳ್ತಾ ಕೂರೋದು ಬೇಡ, ನಾಳೆಯಿಂದ ಬರ್ಬೇಡ ಅಂದ್ರೆ ಸಾಕು. ನಮ್ಮಿಬ್ಬರು ಅಂಥವರಾಗಿರಲಿಲ್ಲ ಅಷ್ಟೇ.

ಅವರಿಬ್ಬರು ಭೇಟಿ ಆಗಿದ್ದು ಗಾಂಧಿ ಬಜಾರಿನ ಒಂದು ಹೋಟೆಲಲ್ಲಿ, ನಾನು ಹೋಗಲಿಲ್ಲ, ಪಲಾದಿನ್ನೇ ಬೇಡ ಅಂದ. ಏನು ಮಾತಾಡಿದ್ರೋ ಇವತ್ತಿಗೂ ನಂಗೆ ಹೇಳಿಲ್ಲ. 2023ರ ಅಕ್ಟೋಬರಲ್ಲಿ ಮೆಟ್ರೋ ಪರ್ಪಲ್ ಲೈನ್ ಪೂರ್ತಿ ಓಪನ್ ಆಯ್ತಲ್ಲ, ವೈಟ್‌ಫೀಲ್ಡಲ್ಲಿ ಹತ್ತಿ ಮೆಜೆಸ್ಟಿಕ್ಕಲ್ಲಿ ಬದಲಾಯ್ಸಿ ನ್ಯಾಷನಲ್ ಕಾಲೇಜಲ್ಲಿ ಇಳೀಬಹುದು ಅಂತ ಆದ್ಮೇಲೆ ಕಳ್ಳ ವಾಪಸ್ ಬಂದ. ಹೊಸ ಪಾತ್ರ, ಈ ಸಲ ಕ್ಲೆರಿಕ್. ಗಾಯ ವಾಸಿ ಮಾಡೋರು ಯಾರೂ ಇಲ್ವಲ್ಲ, ನಾನೇ ಆಗ್ತೀನಿ ಅಂದ, ನಾವ್ಯಾರೂ ಏನೂ ಹೇಳ್ಲಿಲ್ಲ. ಈಗ ಮೂರೂಮುಕ್ಕಾಲಿಗೇ ಬಂದು ಕಾಲಿಂಗ್ ಬೆಲ್ ಒತ್ತಿ ನನ್ನ ನಿದ್ದೆ ಕೆಡಿಸ್ತಾನೆ. ಪಲಾದಿನ್ ಮಗುಗೆ ಸ್ವಿಮ್ಮಿಂಗ್ ಕ್ಲಾಸ್ ಶುರು ಆಗಿರೋದ್ರಿಂದ ಈಗ ಲೇಟ್ ಬರೋದು ಅವನೇ. ಅವನು ಬರೋವರೆಗೂ ಪ್ಲಾನ್ ಮಾಡಲ್ಲ ನಾವು, ಬೋಂಡಾ ತಿಂತೀವಿ.

ಪತ್ರ ಬರೆದ ಆ ಹಿರಿಯರಿಗೆ ನನ್ನದೊಂದು ಕೋರಿಕೆ ಸರ್. ಮಗನ್ನ ಕೂರಿಸ್ಕೊಂಡು ಆಟದಲ್ಲಿ ಯಾರು ಯಾರನ್ನ ಕೊಂದ್ರು ಅಂತ ಕೇಳ್ಬೇಡಿ, ಅರ್ಧ ಗಂಟೆ ಡ್ರ್ಯಾಗನ್ ಕಥೆ ಹೇಳಿ ನಿಮ್ಮ ತಲೆ ತಿಂತಾನೆ. ಆ ಗೆಳೆಯ ಮನೆಗೆ ಎಷ್ಟು ಗಂಟೆಗೆ ಬರ್ತಿದ್ದ, ಎಲ್ಲಿ ಕೂರ್ತಿದ್ದ, ಇವನು ಮಾತಾಡುವಾಗ ಅವನು ಮೊಬೈಲ್ ನೋಡ್ತಿದ್ನಾ, ಅಂಥದ್ದೇನಾದ್ರೂ ಕೇಳಿ ನೋಡಿ.

ಇಂತಿ ನಿಮ್ಮ ಓದುಗ,
ಬಸವನಗುಡಿ, ಬೆಂಗಳೂರು